ಬ್ಯಾಂಕಾಕ್‌ಗೆ ಹೊರಟಿರೋ ಮಂಜನಿಗೆ

ಪ್ರಿಯ ಮಂಜ,

ನೀನು ಕಳಿಸಿದ ಪಟ್ಟಿ ಓದಿದೆ. ಗುರುವಾರ ಬೆಳಗ್ಗೆ ಇಳಿಯೋದು, ಭಾನುವಾರ ರಾತ್ರಿ ಹೊರಡೋದು, ನಡುವೆ ಅಷ್ಟೂ ಮಾರ್ಕೆಟ್ಟು. ಮಾರ್ಕೆಟ್ ಆರಿಸಿರೋದು ಸರಿಯಾಗೇ ಇದೆ, ವಾರ ತಪ್ಪಿದೆ. ಚತುಚಾಕ್ ಸಂತೆಯನ್ನ ಶುಕ್ರವಾರಕ್ಕೆ ಹಾಕಿದ್ದೀಯ. ಅದು ಪೂರ್ತಿ ನೆರೆಯೋದು ಶನಿವಾರ, ಭಾನುವಾರ ಮಾತ್ರ. ಫ್ಯಾನ್ಸಿ ಸಾಮಾನಿನ ಸಾಂಪೆಂಗ್ ಗಲ್ಲಿಯನ್ನ ಭಾನುವಾರಕ್ಕೆ ಹಾಕಿದ್ದೀಯ. ಅವತ್ತು ಅಲ್ಲಿ ಬಹಳ ಅಂಗಡಿ ಷಟರ್ ಎಳೆದಿರುತ್ತೆ. ಗುರುವಾರ ಪ್ರತೂನಾಮ್ ಬಟ್ಟೆ ಮಾರ್ಕೆಟ್, ಶುಕ್ರವಾರ ಸಾಂಪೆಂಗ್, ಶನಿವಾರ ಚತುಚಾಕ್ ಅಂತ ಬದಲಾಯಿಸಿಕೋ. ಭಾನುವಾರ ಅಮ್ಮನಿಗೆ ನದಿ ತೋರಿಸು. ಬ್ಯಾಂಕಾಕ್‌ನಲ್ಲಿ ಚೌಕಾಸಿ ಮಾಡಿ ಉಳಿಸೋ ದುಡ್ಡಿಗಿಂತ ವಾರ, ಹೊತ್ತು, ದಾರಿ ನೋಡಿಕೊಂಡು ಉಳಿಸೋ ದುಡ್ಡೇ ಜಾಸ್ತಿ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಹಾಸನದ ಕಡೆಯಿಂದ ಹೊರಡೋ ಬೇರೆಯವರಿಗೂ ಬೇಕಾಗಬಹುದು ಅಂತ ಎಲ್ಲರಿಗೂ ಕಾಣೋ ಹಾಗೇ ಹಾಕಿದ್ದೀನಿ.

ಹೊರಡೋ ಮುಂಚಿನ ಕೆಲಸ ಮೊದಲು ಮುಗಿಸೋಣ. ಥಾಯ್ಲೆಂಡ್‌ನವರು 2025ರ ಮೇ 1ರಿಂದ ಆನ್‌ಲೈನ್ ಅರೈವಲ್ ಕಾರ್ಡ್ ಮಾಡಿದ್ದಾರೆ. ಇಳಿಯೋ ದಿನಕ್ಕೆ ಮುಂಚಿನ 3 ದಿನದೊಳಗೆ ನೀನು, ಅಮ್ಮ, ಶೋಭಾ ಮೂವರಿಗೂ ತುಂಬಬೇಕು. ಅದು ಪೂರ್ತಿ ಉಚಿತ. ದುಡ್ಡು ಕೇಳಿದರೆ ನೀನು ಯಾವುದೋ ಏಜೆಂಟನ ಸೈಟಿನಲ್ಲಿದ್ದೀಯ ಅಂತ ತಿಳಿ. ಅಸಲಿ ವಿಳಾಸ ‘ಇಮಿಗ್ರೇಷನ್ ಡಾಟ್ ಗೋ ಡಾಟ್ ಟಿಎಚ್’ ಅಂತ ಮುಗಿಯುತ್ತೆ. ಆಮೇಲೆ ಬ್ಯಾಂಕ್ ಆ್ಯಪ್ ತೆಗೆದು ಕಾರ್ಡಿನ ‘ಇಂಟರ್‌ನ್ಯಾಷನಲ್’ ಸ್ವಿಚ್ ಆನ್ ಮಾಡು. ಅದರ ಜೊತೆಗೆ ‘ಕಾಂಟ್ಯಾಕ್ಟ್‌ಲೆಸ್’ ಅಂತ ಬೇರೆ ಸ್ವಿಚ್ ಇರುತ್ತೆ, ಅದನ್ನೂ ಆನ್ ಮಾಡು. ಒಂದನ್ನ ಬಿಟ್ಟರೆ ಮೆಟ್ರೋ ಗೇಟಿನ ಮುಂದೆ ಕಾರ್ಡ್ ಹಿಡಿದು ನಿಂತೇ ಇರ್ತೀಯ. ಅಲ್ಲಿನ ಪ್ಲಗ್ಗಿಗೆ ನಮ್ಮ ಎರಡು ಪಿನ್ ಚಾರ್ಜರ್ ಹಿಡಿಯುತ್ತೆ, ದಪ್ಪ ಮೂರು ಪಿನ್ ಹಿಡಿಯಲ್ಲ.

ಏರ್‌ಪೋರ್ಟ್‌ಗೆ ಬೆಂಗಳೂರಿನ ಒಳಗೆ ನುಗ್ಗಬೇಡ. ನೆಲಮಂಗಲದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗು. ವಿದೇಶದ ವಿಮಾನ ಟರ್ಮಿನಲ್ 2ರಿಂದ.

ದುಡ್ಡಿನ ವಿಚಾರ. ರೂಪಾಯಿ ನೋಟು ಒಯ್ದರೆ ಅಲ್ಲಿ ರೇಟು ಕೆಡುತ್ತೆ. ಡಾಲರ್ ಒಯ್ಯಿ, ಅದರಲ್ಲೂ 100ರ ನೋಟು, ಗೀಚು ಹರಕು ಇಲ್ಲದ್ದು. ಚಿಕ್ಕ ಡಾಲರ್ ನೋಟಿಗೆ ಕಮ್ಮಿ ರೇಟು ಕೊಡ್ತಾರೆ. ಸುವರ್ಣಭೂಮಿ ಏರ್‌ಪೋರ್ಟಿನಲ್ಲಿ ಬ್ಯಾಗು ಬರೋ ಕಡೆ ಇರೋ ಕೌಂಟರುಗಳ ರೇಟಿಗೂ ನೆಲಮಾಳಿಗೆಯಲ್ಲಿ ರೈಲ್ವೆ ಸ್ಟೇಷನ್ ಪಕ್ಕ ಇರೋ ಕೌಂಟರುಗಳ ರೇಟಿಗೂ ಒಳ್ಳೆ ವ್ಯತ್ಯಾಸ ಇದೆ. ಕೆಳಗೆ ಇಳಿದೇ ಬದಲಾಯಿಸು, ಪಾಸ್‌ಪೋರ್ಟ್ ಕೈಯಲ್ಲಿರಲಿ. ಎಟಿಎಂ ಬೇಡ, ಹೊರದೇಶದ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗಿಂತ (ಬಾತ್ ಅಂದರೆ ಅಲ್ಲಿನ ದುಡ್ಡು) ಮೇಲೆ ಕತ್ತರಿಸುತ್ತೆ. ಅಂಗಡಿಯ ಮೆಷಿನ್ನು ‘ರೂಪಾಯಿಯಲ್ಲೋ ಬಾತ್‌ನಲ್ಲೋ’ ಅಂತ ಕೇಳಿದರೆ ಬಾತ್ ಒತ್ತು. ರೂಪಾಯಿ ಒತ್ತಿದರೆ ಅವರ ಮನಸ್ಸಿಗೆ ಬಂದ ರೇಟು. ಮನಸ್ಸಿನ ಲೆಕ್ಕಕ್ಕೆ 1 ಬಾತ್‌ಗೆ 3 ರೂಪಾಯಿ ಅಂತ ಹಿಡಿ. ನಿಜದ ರೇಟು ಸ್ವಲ್ಪ ಕಮ್ಮಿ ಇದ್ದರೂ ಬದಲಾಯಿಸೋ ಖರ್ಚೆಲ್ಲ ಸೇರಿದರೆ ಅಲ್ಲಿಗೇ ಬರುತ್ತೆ. ಈ ಲೆಕ್ಕದಲ್ಲಿ 200 ಬಾತ್ ಟೀ ಶರ್ಟು 600 ರೂಪಾಯಿ. ಹಾಸನದ ಕಟ್ಟಿನಕೆರೆ ಮಾರ್ಕೆಟ್ ಸುತ್ತ 400ಕ್ಕೆ ಸಿಗೋದನ್ನ ಅಲ್ಲಿಂದ ಹೊತ್ತು ತರಬೇಡ.

ಏರ್‌ಪೋರ್ಟಿಂದ ಊರಿಗೆ ರೈಲೇ ಒಳ್ಳೇದು. ಕೊನೆಯ ಸ್ಟೇಷನ್ ಪಾಯಾ ಥಾಯ್ ತನಕ 45 ಬಾತ್, ಅರ್ಧ ಗಂಟೆ. ಒಂದು ಸ್ಟೇಷನ್ ಹಿಂದೆ ರಾಟ್ಚಪ್ರಾರೊಪ್‌ನಲ್ಲಿ ಇಳಿದರೆ ಪ್ರತೂನಾಮ್ ಬಟ್ಟೆ ಮಾರ್ಕೆಟ್ ನಡೆಯೋ ದೂರ. ಅದಕ್ಕೇ ರೂಮು ಪಾಯಾ ಥಾಯ್ ಅಥವಾ ರಾಟ್ಚತೇವಿ ಸುತ್ತ ಹಿಡಿ ಅಂತೀನಿ. ಅಮ್ಮನ ಮಂಡಿ ನೋವು, ಸೂಟ್‌ಕೇಸು ಎಲ್ಲ ನೋಡಿ ಟ್ಯಾಕ್ಸಿಯೇ ಬೇಕು ಅಂದರೆ 1ನೇ ಮಹಡಿಯ ಮೆಷಿನ್‌ನಲ್ಲಿ ಚೀಟಿ ತಗೊಂಡು, ಅದರಲ್ಲಿರೋ ಲೇನ್ ನಂಬರಿಗೆ ಹೋಗು. ಮೀಟರ್ 35 ಬಾತ್‌ನಿಂದ ಶುರು, ಏರ್‌ಪೋರ್ಟಿನದು ಅಂತ 50 ಬಾತ್ ಬೇರೆ, ಟೋಲ್ ನೀನೇ ಕೊಡಬೇಕು. ಆ ಚೀಟಿಯನ್ನ ಡ್ರೈವರ್ ಕೈಗೆ ಬಿಟ್ಟುಕೊಡಬೇಡ, ದೂರು ಕೊಡಬೇಕಾದರೆ ಬೇಕಾಗೋದು ಅದೇ. ನೀನು ಬುಕ್ ಮಾಡಿರೋ ವಿಮಾನ ಅಲ್ಲಿನ ಇನ್ನೊಂದು ಏರ್‌ಪೋರ್ಟ್ ಡಾನ್ ಮುಆಂಗ್‌ಗೆ ಹೋಗೋದಾದರೆ ಈ ರೈಲು ಅಲ್ಲಿಲ್ಲ. ಟಿಕೆಟ್ಟಿನಲ್ಲಿ ಬಿಕೆಕೆ (ಸುವರ್ಣಭೂಮಿ) ಅಂತಿದೆಯೋ ಡಿಎಂಕೆ (ಡಾನ್ ಮುಆಂಗ್) ಅಂತಿದೆಯೋ ಇವತ್ತೇ ನೋಡು. ಡಿಎಂಕೆ ಆದರೆ ಕೆಂಪು ಲೈನಿನ ರೈಲಲ್ಲಿ ಬಾಂಗ್ ಸೂ ದೊಡ್ಡ ನಿಲ್ದಾಣಕ್ಕೆ (ಈಗಿನ ಹೆಸರು ಕ್ರುಂಗ್ ಥೇಪ್ ಅಭಿವಾತ್) ಬಂದು ಮೆಟ್ರೋ ಹತ್ತಬೇಕು.

ಊರೊಳಗೆ ಎರಡು ಬೇರೆ ಬೇರೆ ಕಂಪನಿಯ ರೈಲು. ಮೇಲೆ ಓಡೋ ಬಿಟಿಎಸ್ 1999ರಲ್ಲಿ ಶುರುವಾಗಿದ್ದು. ಬಹುಪಾಲು ನೆಲದಡಿ ಓಡೋ ಎಂಆರ್‌ಟಿ ನೀಲಿ ಲೈನು 2004ರದ್ದು. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯಲ್ಲ, ಗೇಟಿಂದ ಹೊರಗೆ ಬಂದು ಮತ್ತೆ ಟಿಕೆಟ್ ತಗೋಬೇಕು. ತಲೆ ಕೆಡಿಸೋದು ಏನಂದ್ರೆ, ಎರಡೂ ಸೇರೋ ಬಹಳ ಕಡೆ ಸ್ಟೇಷನ್ನಿನ ಹೆಸರೇ ಬೇರೆ. ಬಿಟಿಎಸ್‌ನ ಅಸೋಕ್ ಕೆಳಗೆ ಸುಖುಮ್‌ವಿಟ್ ಆಗುತ್ತೆ, ಸಾಲಾ ಡೇಂಗ್ ಕೆಳಗೆ ಸಿಲೋಮ್, ಮೋ ಚಿಟ್ ಕೆಳಗೆ ಚತುಚಾಕ್ ಪಾರ್ಕ್. ಎಂಆರ್‌ಟಿಯಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತೋರಿಸಿ ಒಳಗೆ ಹೋಗಬಹುದು, ಆದರೆ ತಲೆಗೊಂದು ಕಾರ್ಡ್ ಬೇಕು, ಒಂದರಲ್ಲೇ ಮೂವರು ಆಗಲ್ಲ. ಕಾರ್ಡ್ ಇಲ್ಲದವರಿಗೆ ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಕೊಡ್ತಾರೆ: ಒಳಗೆ ಹೋಗುವಾಗ ತಾಗಿಸೋದು, ಹೊರಗೆ ಬರುವಾಗ ಸೀಳಿನಲ್ಲಿ ಹಾಕೋದು. ಬಿಟಿಎಸ್‌ನ ಹಳೇ ಮೆಷಿನ್ನುಗಳು ಚಿಲ್ಲರೆ ಮಾತ್ರ ನುಂಗುತ್ತವೆ, 5 ಮತ್ತು 10ರ ನಾಣ್ಯ ಬೇರೆ ಜೇಬಲ್ಲಿಟ್ಟುಕೋ. ಬೆಳಗ್ಗೆ 7ರಿಂದ 9, ಸಂಜೆ 5ರಿಂದ 7.30 ತನಕ ಅಮ್ಮನನ್ನ ಕರ್ಕೊಂಡು ಹತ್ತೋಕೆ ಹೋಗಬೇಡ. ಎಲ್ಲ ಎಕ್ಸಿಟ್ಟಿಗೂ ಲಿಫ್ಟ್ ಇರಲ್ಲ, ಗೇಟಿನ ಹತ್ತಿರದ ನಕ್ಷೆಯಲ್ಲಿ ಲಿಫ್ಟ್ ಗುರುತಿರೋ ಎಕ್ಸಿಟ್ ನಂಬರ್ ನೋಡಿಕೊಂಡು ಹೊರಡು.

ಸುಖುಮ್‌ವಿಟ್ ರೋಡಿನಲ್ಲಿ ಇನ್ನೊಂದು ಪೇಚು. ಅಡ್ಡರಸ್ತೆಗೆ ಅಲ್ಲಿ ‘ಸೋಯ್’ ಅಂತಾರೆ. ಒಂದು ಬದಿ ಬೆಸ ಸಂಖ್ಯೆ, ಇನ್ನೊಂದು ಬದಿ ಸಮ ಸಂಖ್ಯೆ, ಆದರೆ ಎರಡೂ ಒಟ್ಟಿಗೆ ಏರಲ್ಲ. ಸೋಯ್ 55ರ ಎದುರಿಗೆ ಇರೋದು ಸೋಯ್ 38. ‘54 ಇಲ್ಲೇ ಎದುರಿಗೆ ಇರಬೇಕು’ ಅಂತ ಹೊರಟರೆ ಬಿಸಿಲಲ್ಲಿ ಒಳ್ಳೆ ನಡಿಗೆ ಆಗುತ್ತೆ.

ಈಗ ಮಾರ್ಕೆಟ್ಟಿಗೆ ಬರೋಣ. ಪ್ರತೂನಾಮ್‌ನಲ್ಲಿ ಪ್ಲಾಟಿನಮ್ ಅನ್ನೋ ಎಸಿ ಮಾಲ್ ಇದೆ, ಅಮ್ಮ ಕೂತುಕೊಳ್ಳೋಕೂ ಜಾಗ ಇದೆ. ಅಲ್ಲಿ ಬಹಳ ಅಂಗಡಿಯಲ್ಲಿ ಒಂದು ಪೀಸಿನ ರೇಟು ಬೇರೆ, 3 ಪೀಸಿಂದ ಹೋಲ್‌ಸೇಲ್ ರೇಟು. ಮೂರೂ ಒಂದೇ ಡಿಸೈನ್ ಇರಬೇಕಾಗಿಲ್ಲ, ಒಂದೇ ಅಂಗಡಿಯದ್ದಾದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆದ್ದರಿಂದ ಹತ್ತು ಅಂಗಡಿಯಲ್ಲಿ ಒಂದೊಂದು ಬೇಡ, ಮೂರು ಅಂಗಡಿಯಲ್ಲಿ ಮೂರು ಮೂರು ತಗೊಳ್ಳಿ.

ಬಟ್ಟೆ ತಗೊಂಡು ಕೈ ಸುಟ್ಟುಕೊಳ್ಳೋದು ರೇಟಿನಲ್ಲಲ್ಲ, ಸೈಜಿನಲ್ಲಿ. ಮಾರ್ಕೆಟ್ ಮಳಿಗೆಗಳಲ್ಲಿ ಹಾಕಿ ನೋಡೋಕೆ ಬಿಡಲ್ಲ, ಚೀಟಿಯ ಮೇಲೆ ‘ಫ್ರೀ ಸೈಜ್’ ಅಂತಿರುತ್ತೆ, ಅದು ಅಲ್ಲಿನವರ ಸಣ್ಣ ಮೈಕಟ್ಟಿಗೆ ಫ್ರೀ. ಹೀಗೆ ಮಾಡು: ಹೊರಡೋ ಮುಂಚೆ ಚೆನ್ನಾಗಿ ಕೂರೋ ಒಂದೊಂದು ಅಂಗಿ, ಕುರ್ತಾ, ಪ್ಯಾಂಟು ಮಂಚದ ಮೇಲೆ ಹರಡಿ ಟೇಪ್ ಹಿಡಿ. ಕಂಕುಳಿಂದ ಕಂಕುಳಿಗೆ ಎಷ್ಟು, ಭುಜದ ಹೊಲಿಗೆಯಿಂದ ಹೊಲಿಗೆಗೆ ಎಷ್ಟು, ಕತ್ತಿನಿಂದ ಅಂಚಿಗೆ ಎಷ್ಟು ಅಂತ ಇಂಚಿನಲ್ಲೂ ಸೆಂಟಿಮೀಟರಿನಲ್ಲೂ ಫೋನಿನಲ್ಲಿ ಬರೆದುಕೋ. ಅಲ್ಲಿ ಬಟ್ಟೆ ಹರಡಿಸಿ ಟೇಪ್ ಇಡು, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಕಂಕುಳ ಅಳತೆ ಅರ್ಧ ಇಂಚು ಕಮ್ಮಿ ಬಂದರೂ ಬಿಟ್ಟುಬಿಡು, ಸುತ್ತಳತೆಯಲ್ಲಿ ಅದು ಒಂದು ಇಂಚು. ಕಡು ನೀಲಿ, ಕೆಂಪು ಬಣ್ಣವಾದರೆ ಕರವಸ್ತ್ರದ ತುದಿ ಒದ್ದೆ ಮಾಡಿ ಒಳಗಿನ ಮಡಿಕೆಯಲ್ಲಿ ಉಜ್ಜು, ಬಣ್ಣ ಬಿಡುತ್ತೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ. ಆನೆ ಚಿತ್ರದ ತೆಳು ಪ್ಯಾಂಟು ಎಲ್ಲೆಲ್ಲೂ ಇರುತ್ತೆ. ತಗೊಂಡರೆ ತೊಡೆಸಂದಿಯ ಹೊಲಿಗೆಯನ್ನ ಎರಡೂ ಕೈಯಲ್ಲಿ ಎಳೆದು ನೋಡು, ಮೊದಲು ಬಿಡೋದು ಅದೇ.

ರೇಷ್ಮೆ ಅಂತ ತೋರಿಸಿದರೆ ಅವಸರ ಬೇಡ. ಬೀದಿಯಲ್ಲಿ ‘ಥಾಯ್ ಸಿಲ್ಕ್’ ಅಂತ ಮಾರೋದರಲ್ಲಿ ಪಾಲಿಯೆಸ್ಟರ್ ಧಾರಾಳ. ಅಲ್ಲಿನ ಸರ್ಕಾರ ಅಸಲಿ ರೇಷ್ಮೆಗೆ ನವಿಲಿನ ಮುದ್ರೆ ಕೊಡುತ್ತೆ: ಬಂಗಾರ, ಬೆಳ್ಳಿ, ನೀಲಿ, ಹಸಿರು ಅಂತ ನಾಲ್ಕು ಬಣ್ಣ. ಹಸಿರು ನವಿಲು ಅಂದರೆ ಬೇರೆ ನೂಲು ಬೆರೆತದ್ದು. ಸೀರೆ ವಿಷಯದಲ್ಲಿ ನಮ್ಮ ಹೆಂಗಸರನ್ನ ಮೋಸ ಮಾಡೋದು ಕಷ್ಟ ಬಿಡು, ಬೇಕಿದ್ದರೆ ಸ್ಟೋಲ್ ಒಂದು ತಗೊಳ್ಳಿ ಸಾಕು.

ಶುಕ್ರವಾರದ್ದು ಶೋಭಾ ಅವರ ದಿನ. ಫ್ಯಾನ್ಸಿ ಸ್ಟೋರ್ ಇಟ್ಟವರಿಗೆ ಸಾಂಪೆಂಗ್ ಬಿಟ್ಟು ಬರೋಕೆ ಮನಸ್ಸಾಗಲ್ಲ. ಕ್ಲಿಪ್ಪು, ರಿಬ್ಬನ್, ಮಣಿ, ಕಿವಿಯೋಲೆ, ಸ್ಟಿಕ್ಕರ್ ಎಲ್ಲ ಡಜನ್ ಲೆಕ್ಕ. ಎಂಆರ್‌ಟಿಯಲ್ಲಿ ವಾಟ್ ಮಂಗ್ಕೊನ್ ಸ್ಟೇಷನ್‌ನಲ್ಲಿ ಇಳಿದು, ಗಲ್ಲಿ ಹೊಕ್ಕು ಪಶ್ಚಿಮದ ಕಡೆಗೇ ನಡೀತಾ ಹೋಗಿ. ಕೊನೆಗೆ ಪಾಹುರತ್ ಸಿಗುತ್ತೆ, ಅಲ್ಲಿನ ಭಾರತೀಯರ ಬಟ್ಟೆ ಪೇಟೆ. ದೊಡ್ಡ ಗುರುದ್ವಾರ ಇದೆ, ಸಸ್ಯಾಹಾರಿ ಊಟಕ್ಕೆ ಇಡೀ ಊರಲ್ಲಿ ಅಮ್ಮನಿಗೆ ನೆಮ್ಮದಿಯ ಜಾಗ ಅದೇ. ವಾಪಸ್ ಸಾಮ್ ಯೋಟ್ ಸ್ಟೇಷನ್ನಿಂದ. ಮತ್ತೆ ಹಿಂದಕ್ಕೆ ನಡೆಯೋ ಕಷ್ಟ ಇಲ್ಲ. ಬೆಳಗ್ಗೆ 9ಕ್ಕೆ ಅಲ್ಲಿರಿ. ಮಧ್ಯಾಹ್ನ ಆಗ್ತಾ ಆಗ್ತಾ ಎರಡಾಳು ಅಗಲದ ಗಲ್ಲಿಯಲ್ಲಿ ತಳ್ಳುಗಾಡಿ, ಬೈಕು ಎಲ್ಲ ನುಗ್ಗುತ್ತವೆ. ಸಂಜೆ 5ಕ್ಕೆಲ್ಲ ಬಾಗಿಲು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಅಂಗಡಿಗೆ ಅಂತ ಒಂದೇ ಡಿಸೈನಿಂದ ಐದಾರು ಡಜನ್ ತುಂಬಿಕೊಂಡು ಬಂದರೆ ಬೆಂಗಳೂರಿನ ಕಸ್ಟಮ್ಸ್‌ನವರು ಅದನ್ನ ಮನೆ ಬಳಕೆಯ ಸಾಮಾನು ಅನ್ನಲ್ಲ, ವ್ಯಾಪಾರದ ಸರಕು ಅಂತಾರೆ. ಆಗ ಪ್ರಯಾಣಿಕರ ವಿನಾಯಿತಿ ಸಿಗಲ್ಲ. ಮಾದರಿಗೆ ಒಂದೊಂದು ತಂದು ನೋಡಲಿ.

ಚತುಚಾಕ್‌ಗೆ ಮೋ ಚಿಟ್‌ನಲ್ಲಿ ಇಳೀಬೇಡ, ಎಲ್ಲರೂ ಅಲ್ಲೇ ಇಳಿಯೋದು. ಎಂಆರ್‌ಟಿಯ ಕಾಂಫೇಂಗ್ ಫೆಟ್ ಸ್ಟೇಷನ್ನಿನ 2ನೇ ಎಕ್ಸಿಟ್ ಹತ್ತಿದರೆ ಸಂತೆಯ ಒಳಗೇ ಏಳ್ತೀಯ. ಹತ್ತು ಗಂಟೆಗೆ ಅಂಗಡಿಗಳು ತೆರೆದಿರುತ್ತವೆ, ಹನ್ನೆರಡರ ನಂತರ ತಗಡಿನ ಮಾಡಿನಡಿ ಕಾವು ತಡೆಯೋಕಾಗಲ್ಲ. ಸಾವಿರಾರು ಮಳಿಗೆ, 27 ಸೆಕ್ಷನ್, ನಡುವೆ ಗಡಿಯಾರದ ಗೋಪುರ. ತಪ್ಪಿಸಿಕೊಂಡರೆ ಸೇರೋ ಜಾಗ ಅದು ಅಂತ ಮೊದಲೇ ಮಾತಾಡಿಕೊಳ್ಳಿ. ‘ಆಮೇಲೆ ಬಂದು ತಗೊಳ್ಳೋಣ’ ಅನ್ನೋ ಮಾತು ಅಲ್ಲಿ ನಡೆಯಲ್ಲ, ಅದೇ ಅಂಗಡಿ ಮತ್ತೆ ಸಿಗಲ್ಲ. ತೂಕದ ಸಾಮಾನಾದರೆ ಮಳಿಗೆಯ ಮೇಲಿನ ಸೆಕ್ಷನ್, ಸೋಯ್ ನಂಬರಿನ ಬೋರ್ಡ್ ಫೋಟೋ ತೆಗೆದಿಟ್ಟುಕೊಂಡು ಹೊರಡುವಾಗ ಬಾ. ಅಮ್ಮನಿಗೆ ಸುಸ್ತಾದರೆ ರಸ್ತೆ ದಾಟಿ ಓರ್ ತೋರ್ ಕೋರ್ ಹಣ್ಣಿನ ಮಾರ್ಕೆಟ್ಟಿಗೆ ಕರ್ಕೊಂಡು ಹೋಗು. ರೇಟು ಜಾಸ್ತಿ, ಆದರೆ ನೆಲ ನಮ್ಮ ಅಡುಗೆಮನೆಗಿಂತ ಚೊಕ್ಕ.

ಚೌಕಾಸಿ ಅಂದರೆ ಇಷ್ಟೇ. ಅವರು ಕ್ಯಾಲ್ಕುಲೇಟರಿನಲ್ಲಿ ಒಂದು ರೇಟು ಒತ್ತಿ ತೋರಿಸ್ತಾರೆ, ನೀನು ನಿನ್ನದು ಒತ್ತು. ಹತ್ತು ಇಪ್ಪತ್ತು ಪರ್ಸೆಂಟ್ ಇಳಿಯುತ್ತೆ, ಎರಡು ಮೂರು ತಗೊಂಡರೆ ಇನ್ನೂ ಸ್ವಲ್ಪ. ನಮ್ಮ ಕಡೆಯ ಹಾಗೆ ಅರ್ಧಕ್ಕೆ ಕೇಳಿ ದನಿ ಏರಿಸಿದರೆ ನಗ್ತಾನೇ ಕ್ಯಾಲ್ಕುಲೇಟರ್ ಎತ್ತಿಡ್ತಾರೆ.

ಭಾನುವಾರ ಬಿಟಿಎಸ್‌ನಲ್ಲಿ ಸಫಾನ್ ತಾಕ್ಸಿನ್‌ಗೆ ಹೋಗಿ, ಕೆಳಗೇ ಇರೋ ಸಾಥೋನ್ ಕಟ್ಟೆಯಿಂದ ದೋಣಿ. ಕಿತ್ತಳೆ ಬಾವುಟ ಇರೋ ದೋಣಿಯನ್ನೇ ಹತ್ತಿ, ಎಲ್ಲಿಗೆ ಹೋದರೂ ಒಂದೇ ರೇಟು, 16 ಬಾತ್. ನೀಲಿ ಬಾವುಟದ್ದು ಟೂರಿಸ್ಟರ ದೋಣಿ, ದುಬಾರಿ. ಕಾಲುವೆಯಲ್ಲಿ ಓಡೋ ಸೇನ್ ಸೇಪ್ ದೋಣಿ ಅಮ್ಮನಿಗೆ ಬೇಡವೇ ಬೇಡ, ಕಟ್ಟೆಯಲ್ಲಿ ಕೆಲವೇ ಕ್ಷಣ ನಿಲ್ಲುತ್ತೆ, ಹಗ್ಗ ಹಿಡಿದು ನೆಗೀಬೇಕು. ನದಿ ದಡದ ರಾಜರ ಅರಮನೆ (ಗ್ರ್ಯಾಂಡ್ ಪ್ಯಾಲೆಸ್) ನೋಡೋಕೆ ಹೋದರೆ ಅದರ ಹತ್ತಿರ ಶುಭ್ರವಾಗಿ ಡ್ರೆಸ್ ಮಾಡಿದ ಒಬ್ಬ ಬಂದು ‘ಇವತ್ತು ಅರಮನೆ ಮುಚ್ಚಿದೆ, ಟುಕ್ ಟುಕ್‌ನಲ್ಲಿ 20 ಬಾತ್‌ಗೆ ಊರೆಲ್ಲ ತೋರಿಸ್ತೀವಿ’ ಅಂತಾನೆ. ಆ ಸವಾರಿ ಮುಗಿಯೋದು ಹರಳಿನ ಅಂಗಡಿಯಲ್ಲಿ. ಮಾತಾಡದೆ ಗೇಟಿನ ತನಕ ನಡಿ. ಚಡ್ಡಿ, ತೋಳಿಲ್ಲದ ಅಂಗಿಗೆ ಒಳಗೆ ಬಿಡಲ್ಲ.

ದೊಡ್ಡ ಮಾಲ್‌ನಲ್ಲಿ ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್ ದಾಟಿದರೆ ಪಾಸ್‌ಪೋರ್ಟ್ ತೋರಿಸಿ ಪಿ.ಪಿ.10 ಫಾರಂ ಕೇಳು. 7 ಪರ್ಸೆಂಟ್ ವ್ಯಾಟ್‌ನಲ್ಲಿ ಒಂದಷ್ಟು ಏರ್‌ಪೋರ್ಟಿನಲ್ಲಿ ವಾಪಸ್ ಬರುತ್ತೆ. ಸಂತೆ ಮಳಿಗೆಯಲ್ಲಿ ಇದಿಲ್ಲ. ಸಾಮಾನಿನ ಒಟ್ಟು ಬೆಲೆ 20,000 ಬಾತ್ ಮುಟ್ಟಿದ್ದರೆ, ಬ್ಯಾಗು ಕೌಂಟರಿಗೆ ಕೊಡೋ ಮುಂಚೆಯೇ ಸಾಮಾನು, ಫಾರಂ ಎರಡನ್ನೂ ಕಸ್ಟಮ್ಸ್ ಮೇಜಿಗೆ ತೋರಿಸಬೇಕು. ಹಾಗಿದ್ದಾಗ ಬ್ಯಾಗು ಒಳಗೆ ಹೋದಮೇಲೆ ಫಾರಂ ಹಿಡಿದು ಹೋದರೆ ಉಪಯೋಗ ಇಲ್ಲ. ಹುಣಸೆ ಪೇಸ್ಟು, ಮೆಣಸಿನ ಚಟ್ನಿ ಬಾಟಲಿ ದೊಡ್ಡ ಬ್ಯಾಗಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ಬುದ್ಧನ ವಿಗ್ರಹ ಎಷ್ಟೇ ಚೆನ್ನಾಗಿದ್ದರೂ ಬೇಡ, ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಇಲ್ಲದೆ ದೇಶ ದಾಟಿಸೋ ಹಾಗಿಲ್ಲ. ಕೈಯಲ್ಲಿ ಹಿಡಿಯೋ ತೂಕದ ಯಂತ್ರ ಒಂದು ಇಲ್ಲಿಂದಲೇ ಒಯ್ಯಿ, ಶನಿವಾರ ರಾತ್ರಿಯೇ ಬ್ಯಾಗ್ ತೂಗಿಬಿಡು. ಹೆಚ್ಚಾಗಿದ್ದರೆ ಆನ್‌ಲೈನಲ್ಲಿ ಮೊದಲೇ ಕಿಲೋ ಕೊಳ್ಳೋದು ಕೌಂಟರಿಗಿಂತ ಅಗ್ಗ.

ರೂಮಿಗೆ ದುಡ್ಡು ಕಟ್ಟೋ ಮುಂಚೆ ಹೋಟೆಲಿನ ಲಿಂಕ್ ಕಳಿಸು. ಸ್ಟೇಷನ್ನಿಗೆ ಎಷ್ಟು ನಡಿಗೆ, ಯಾವ ಎಕ್ಸಿಟ್ಟಲ್ಲಿ ಲಿಫ್ಟ್ ಇದೆ ಅಂತ ನೋಡಿ ಹೇಳ್ತೀನಿ.

ನಿನ್ನ,
ಗಿರೀಶ