ದುಡ್ಡು ನಡೆಯದ ದಿನ ಬಂದ್ರೆ ಕೊಡಗಿನವರು ಏನು ಕೊಟ್ಟು ಏನು ತಗೊಳ್ಳೋದು?

ಸಂಪಾದಕರಿಗೆ ನಮಸ್ಕಾರ,

ಯುದ್ಧ, ರೋಗ, ಬ್ಯಾಂಕ್ ಮುಳುಗಿದ ಸುದ್ದಿ ಬಂದಾಗೆಲ್ಲ ನಮ್ಮ ಕಡೆ ಬೆಳೆಗಾರರು ಹೇಳೋ ಮಾತು ಒಂದೇ, ನಮಗೇನು ಬಿಡಿ ತೋಟ ಇದೆ, ಮೆಣಸಿದೆ, ಹೆಂಗೋ ನಡೆಯುತ್ತೆ ಅಂತ. ನನಗೆ ಈ ಧೈರ್ಯ ಕಂಡ್ರೇನೇ ಭಯ ಆಗೋದು. ಕಾಫಿ, ಮೆಣಸು, ಏಲಕ್ಕಿ ಎಲ್ಲಾ ಹೊರಗಿನವರು ಬಂದು ಕೊಂಡ್ರೆ ಮಾತ್ರ ಬೆಲೆ ಇರೋ ಮಾಲು. ವ್ಯಾಪಾರಿ ಬರೋದೇ ನಿಂತುಹೋದ್ರೆ ಪಕ್ಕದ ಮನೆಯವರ ಕಣದಲ್ಲೂ ಅದೇ ಕಾಫಿ ಒಣಗ್ತಾ ಇರುತ್ತೆ, ಅವರಿಗೆ ಅದನ್ನ ಕೊಟ್ಟು ಬದಲಿಗೆ ಏನು ಕೇಳ್ತೀರಿ?

2018ರ ಆಗಸ್ಟಲ್ಲಿ ಗುಡ್ಡ ಜರಿದು ಜೋಡುಪಾಲ, ಮಕ್ಕಂದೂರು ಕಡೆ ಏನಾಯ್ತು ಅಂತ ಎಲ್ರಿಗೂ ಗೊತ್ತು, ಮಡಿಕೇರಿ ಮಂಗಳೂರು ರಸ್ತೆ ಕಿತ್ತುಹೋಯ್ತು, ಎಷ್ಟೋ ಊರಲ್ಲಿ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಅಂಥ ಕಡೆ ಜೇಬಲ್ಲಿರೋ ಕಾರ್ಡಿಗೆ ಏನು ಬೆಲೆ. ಅದಕ್ಕೂ ಮುಂಚೆ 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗಲೂ ನೋಡಿದ್ವಿ. ಆದ್ರೆ ಎರಡು ಸಲವೂ ಹೊರಗಡೆ ವ್ಯವಸ್ಥೆ ಗಟ್ಟಿ ಇತ್ತು, ಬೇರೆ ಜಿಲ್ಲೆಯಿಂದ ಲಾರಿ ತುಂಬ ಅಕ್ಕಿ ಬಂತು, ಬ್ಯಾಂಕಿಂದ ಹೊಸ ನೋಟು ಬಂತು. ಹೊರಗಡೇನೇ ಕುಸಿದ್ರೆ ಏನು ಮಾಡೋದು ಅನ್ನೋದು ನನ್ನ ಪ್ರಶ್ನೆ.

ಅರ್ಜೆಂಟೀನಾದಲ್ಲಿ ಇದು ಆಗಿದೆ. ಅಲ್ಲಿ 1995ರಲ್ಲೇ ಕೆಲವರು ವಸ್ತು ಬದಲಾಯಿಸಿಕೊಳ್ಳೋ ಸಂಘ ಶುರು ಮಾಡಿದ್ರು, 2001ರ ಡಿಸೆಂಬರಲ್ಲಿ ಸರ್ಕಾರ ಬ್ಯಾಂಕಲ್ಲಿದ್ದ ಜನರ ದುಡ್ಡಿಗೆ ತಡೆ ಹಾಕಿದ ಮೇಲೆ ಲಕ್ಷಗಟ್ಟಲೆ ಜನ ಸೇರ್ಕೊಂಡ್ರು. ಸಂಘದ್ದೇ ಚೀಟಿ ದುಡ್ಡಿನ ಥರ ಓಡ್ತಿತ್ತು. ಆದ್ರೆ ಹೆಚ್ಚು ದಿನ ಬಾಳಲಿಲ್ಲ. ಒಂದು, ಖೋಟಾ ಚೀಟಿ ಬಂತು. ಇನ್ನೊಂದು ನಮಗೆ ಮುಖ್ಯವಾದದ್ದು, ಹಳೇ ಬಟ್ಟೆ, ಮನೇಲಿ ಮಾಡಿದ ತಿಂಡಿ ತರೋರು ಬೇಕಾದಷ್ಟು ಜನ, ಹಿಟ್ಟು ಎಣ್ಣೆ ತರೋರು ಇಲ್ಲ. ತಿಂಡಿ ಮಾಡೋಕೂ ಹಿಟ್ಟನ್ನ ಅಂಗಡಿಯಿಂದ ನಿಜವಾದ ದುಡ್ಡು ಕೊಟ್ಟೇ ತರಬೇಕಿತ್ತಲ್ಲ. ನಾವು ನಾಳೆ ಹಂಗೇ ಆಗೋದು, ಗದ್ದೆ ಬಿಟ್ಟು ಕೂತಿದ್ದೀವಿ.

ಮೊದಲು ಉಪ್ಪಿನ ವಿಷ್ಯ ಹೇಳ್ತೀನಿ, ಯಾಕಂದ್ರೆ ಯಾರೂ ಅದನ್ನ ಲೆಕ್ಕಕ್ಕೇ ಇಟ್ಟಿಲ್ಲ. ನಮ್ಮ ಬೆಟ್ಟದಲ್ಲಿ ಏನು ಬೇಕಾದ್ರೂ ಬೆಳೀಬಹುದು ಉಪ್ಪು ಮಾತ್ರ ಆಗಲ್ಲ, ಹಿಂದಿನವರು ಅಕ್ಕಿ ಹೇರಿಕೊಂಡು ಘಟ್ಟ ಇಳಿದು ಉಪ್ಪು, ಒಣಮೀನು ತರ್ತಿದ್ರು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಅಂತ ಇಟ್ಕೊಂಡ್ರೂ ನಾಲ್ಕು ಜನರ ಮನೆಗೆ ವರ್ಷಕ್ಕೆ 7 ಕೆಜಿ ಮೇಲೆ ಬೇಕು, ಅದು ಊಟಕ್ಕೆ ಮಾತ್ರ, ಉಪ್ಪಿನಕಾಯಿ, ಮಾಂಸ ಒಣಗಿಸೋದು, ದನಕ್ಕೆ ಕೊಡೋದು ಸೇರಿದ್ರೆ ಇನ್ನೂ ಜಾಸ್ತಿ. ಕಲ್ಲುಪ್ಪು ಭರಣಿಯಲ್ಲಿ ಗಾಳಿಯಾಡದ ಹಾಗೆ ಇಟ್ರೆ ವರ್ಷಗಟ್ಟಲೆ ಕೆಡಲ್ಲ, ಇವತ್ತಿಗೂ ಅಗ್ಗ. ಜೊತೆಗೆ ಬೆಂಕಿಪೊಟ್ಟಣ (ನಮ್ಮ ಮಳೆಗಾಲದಲ್ಲಿ ಒಣಗಿದ ಬೆಂಕಿಪೊಟ್ಟಣ ಎಷ್ಟು ದೊಡ್ಡ ವಿಷ್ಯ ಅಂತ ಹೊರಗಿನವರಿಗೆ ಅರ್ಥ ಆಗಲ್ಲ), ಸೂಜಿ, ದಾರ, ಮೊಳೆ, ಅರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ 1948ರ ಜೂನಲ್ಲಿ ಹೊಸ ಹಣ ಬರೋ ತನಕ ಸಿಗರೇಟೇ ದುಡ್ಡಾಗಿ ಓಡಿತ್ತು, ಅಂಥ ಟೈಮಲ್ಲಿ ಸಣ್ಣದಾಗಿ ಎಣಿಸಿ ಕೊಡೋಕೆ ಬರೋ ವಸ್ತುಗೇ ಬೆಲೆ, ಚಿನ್ನದ ಸರ ಕೊಟ್ಟು ಅರ್ಧ ಸೇರು ಅಕ್ಕಿಗೆ ಚಿಲ್ಲರೆ ಕೇಳೋಕಾಗುತ್ತಾ.

ಆದ್ರೆ ಕೂಡಿಟ್ಟ ಸಾಮಾನು ಒಂದಿನ ಖಾಲಿ ಆಗೇ ಆಗುತ್ತೆ, ಕೈಯಲ್ಲಿರೋ ಕೆಲಸ ಖಾಲಿ ಆಗಲ್ಲ. ನಮ್ಮ ಕಡೆ ಕಮ್ಮಾರರ ಕುಲುಮೆ ಒಂದೊಂದೇ ಆರಿಹೋಗ್ತಿರೋದು ನನಗೆ ತುಂಬಾ ನೋವಿನ ವಿಷ್ಯ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ತಗೊಂಡು ಕಾಯಿಸಿ ಬಡಿದು ಕತ್ತಿ ಮಾಡೋರು, ಅದಕ್ಕೆ ಹದ ಹಾಕೋದು ನಿಂತು ನೋಡಬೇಕು, ಕೆಂಪಗೆ ಕಾದ ಅಲಗಿನ ಬಾಯಿಯನ್ನ ನೀರಲ್ಲಿ ಅದ್ದಿ ತೆಗೆದು, ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಸಣ್ಣ ಶಾಖ ಕೊಟ್ಟಾಗ ಒಣಹುಲ್ಲಿನ ಬಣ್ಣ ಓಡಿ ಬರುತ್ತೆ, ಆ ಬಣ್ಣದಲ್ಲೇ ನಿಲ್ಲಿಸಬೇಕು. ಜಾಸ್ತಿ ಕಾದ್ರೆ ಬಾಯಿ ಮಡಚುತ್ತೆ, ಕಮ್ಮಿ ಆದ್ರೆ ಚಕ್ಕೆ ಏಳುತ್ತೆ. ಇದನ್ನ ವಿಡಿಯೋ ನೋಡಿ ಕಲಿಯೋಕಾಗಲ್ಲ, ಪಕ್ಕದಲ್ಲಿ ಕೂತು ತಿದಿ ಊದಿದವನಿಗೇ ಬರೋದು. ಕತ್ತಿ, ಗುದ್ದಲಿ ಇಲ್ಲದೆ ಕೊಡಗಲ್ಲಿ ಯಾವ ಕೆಲಸ ಆಗುತ್ತೆ ಹೇಳಿ?

ತುಡುವೆ ಜೇನನ್ನ ಪೊಟರೆಯಿಂದ ಪೆಟ್ಟಿಗೆಗೆ ಕೂರಿಸೋಕೆ ಬರೋರೂ ಹಂಗೇ, ಜೇನುತುಪ್ಪ ಬೇಗ ಕೆಡಲ್ಲ, ಮೇಣದಿಂದ ಬತ್ತಿ ಆಗುತ್ತೆ. ಕಾಚಂಪುಳಿ (ಅಡುಗೆಗೆ ಹಾಕೋ ನಮ್ಮ ಕಡೆಯ ಹುಳಿ) ಇಳಿಸೋದು, ಹಣ್ಣಿನ ರಸ ಬಸಿದು ಕಪ್ಪಗಾಗೋ ತನಕ ಕಾಯಿಸಿಟ್ರೆ ವರ್ಷಗಟ್ಟಲೆ ಇರುತ್ತೆ. ಬಾವಿ ತೋಡೋರು, ಎತ್ತು ಪಳಗಿಸೋರು, ಹೆರಿಗೆ ನೋಡೋಕೆ ಬರೋ ನರ್ಸಮ್ಮ. ವಾಂತಿಭೇದಿ ಆದ ಮಗುಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಅನ್ನೋದು ಎಷ್ಟು ಮನೇಲಿ ಗೊತ್ತಿದೆ? ಇನ್ಸುಲಿನ್ ಥರದ ಔಷಧಿಗೆ ಮಾತ್ರ ಇದ್ಯಾವುದೂ ಬದಲಿ ಅಲ್ಲ, ಅದನ್ನೂ ಒಪ್ಕೊಬೇಕು.

ಎಲ್ಲಕ್ಕಿಂತ ದೊಡ್ಡದು ಭತ್ತ. ಆಳಿಲ್ಲ, ಆನೆ ಕಾಟ, ಲಾಭ ಇಲ್ಲ, ಎಲ್ಲಾ ನಿಜ, ಒಪ್ತೀನಿ. ಆದ್ರೂ ಗದ್ದೆ ಪಾಳು ಬಿಟ್ಟು, ಶುಂಠಿ ಹಾಕಿ, ಮಣ್ಣು ತುಂಬಿಸಿ ಬಿಲ್ಡಿಂಗ್ ಎಬ್ಬಿಸಿ ಕೊನೆಗೆ ಹುತ್ತರಿ ಹಬ್ಬಕ್ಕೆ ಕದಿರು ತೆಗೆಯೋಕೆ ಬೇರೆಯವರ ಗದ್ದೆ ಹುಡುಕೋ ಪರಿಸ್ಥಿತಿ ತಂದ್ಕೊಂಡಿದ್ದೀವಿ. ಹೈಬ್ರಿಡ್ ಬೀಜ ತೆಗೆದಿಟ್ಟು ಮರುವರ್ಷ ಬಿತ್ತಿದ್ರೆ ಅದೇ ಥರ ಬರಲ್ಲ, ನಾಟಿ ತಳಿ ಆದ್ರೆ ಬರುತ್ತೆ. ಹಂಗಾಗಿ ಬಿತ್ತನೆ ಭತ್ತ ಇಟ್ಟವರ ಮನೆ ಬಾಗಿಲಿಗೆ ಎಲ್ರೂ ಬರ್ತಾರೆ. ಮುಯ್ಯಾಳು ಪದ್ಧತಿ ನಮ್ಮಲ್ಲಿ ಇದ್ದೇ ಇತ್ತಲ್ಲ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ದುಡ್ಡಿನ ಮಾತೇ ಇಲ್ಲ. ಇದಕ್ಕೆ ಬೇಕಾದ್ದು ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ, ಕಷ್ಟ ಬಂದ ದಿನ ಅದನ್ನ ಹೊಸದಾಗಿ ಮಾಡೋಕೆ ಬರಲ್ಲ.

ಅದಕ್ಕೆ ನನ್ನ ಕೋರಿಕೆ ಇಷ್ಟೇ. ಪ್ರತಿ ಗ್ರಾಮಸಭೆಯಲ್ಲಿ ಯಾರಿಗೆ ಯಾವ ಕೈಕೆಲಸ ಬರುತ್ತೆ ಅಂತ ಬರೆಸಿ, ಒಬ್ಬೊಬ್ಬ ಹಿರಿಯರ ಹತ್ರ ಇಬ್ಬಿಬ್ಬರು ಹುಡುಗರನ್ನೋ ಹುಡುಗಿಯರನ್ನೋ ಕಲಿಯೋಕೆ ಬಿಡಬೇಕು, ಕಲಿಸೋರಿಗೆ ಪಂಚಾಯ್ತಿ ಕಡೆಯಿಂದ ಗೌರವಧನ ಕೊಡಬೇಕು. ಪಾಳು ಗದ್ದೆ ಇರೋರು ಪೂರ್ತಿ ಅಲ್ಲದಿದ್ರೂ ಮನೆಗಾಗುವಷ್ಟಾದ್ರೂ ಈ ಸಲ ನಾಟಿ ಮಾಡಿ. ನಮ್ಮೂರ ಮುಂದಿನ ಗ್ರಾಮಸಭೆಯಲ್ಲಿ ನಾನು ಈ ವಿಷ್ಯ ಎತ್ತುತ್ತೀನಿ, ಬೇರೆ ಊರಿನವರೂ ಎತ್ತಿ.

ಇತಿ,
ಒಬ್ಬ ಓದುಗ, ಸೋಮವಾರಪೇಟೆ ತಾಲೂಕು