ಲ್ಯಾಬ್ ಕಿಟಕಿಯ ಅಕ್ಕನಿಗೆ ಥ್ಯಾಂಕ್ಸ್

ಅಕ್ಕಾ, ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತಂಗಿಯ ಕುತ್ತಿಗೆಯ ಗಂಟಿಗೆ ಬಯಾಪ್ಸಿ (ಚೂರು ತೆಗೆದು ಮಾಡೋ ಪರೀಕ್ಷೆ) ಇದ್ದ ದಿನ, ಆ ಚೂರು ಕೆಡದಂತೆ ಇಡೋ ಫಾರ್ಮಲಿನ್ ದ್ರವದ ಬಾಟಲಿ ಹಿಡಿದು ನಿಂತಿದ್ದ ನನ್ನ ಚೀಟಿ ನೋಡಿ ನೀವೇ ಕರೆದಿರಿ: "ಟಿಬಿ ಡೌಟ್ ಅಂತಿದೆ, ಪೂರ್ತಿ ಇದಕ್ಕೇ ಹಾಕಿಸಬೇಡಿ, ಒಂದು ಚೂರು ಸಲೈನ್‌ನಲ್ಲಿ ಇಡೋಕೆ ಡಾಕ್ಟರಿಗೆ ಹೇಳಿ." ಪ್ಲಾಸ್ಟರ್ ಅಂಟಿಸಿ, ಪೆನ್ನಲ್ಲಿ ಅವಳ ಹೆಸರು ಬರೆದು ಇನ್ನೊಂದು ಪುಟ್ಟ ಬಾಟಲಿ ಕೈಗಿಟ್ಟಿರಿ. ಫಾರ್ಮಲಿನ್‌ನಲ್ಲಿ ರೋಗಾಣು ಸತ್ತು ಕಲ್ಚರ್ (ರೋಗಾಣು ಬೆಳೆಸಿ ನೋಡೋ ಪರೀಕ್ಷೆ) ಬರಲ್ಲ ಅಂತ ನಮಗೇನು ಗೊತ್ತು! ಆ ಚೂರಿನಿಂದಲೇ ಸಿಬಿನ್ಯಾಟ್ ಅನ್ನೋ ಜೀನ್ ಪರೀಕ್ಷೆಯಲ್ಲಿ ಟಿಬಿ ಖಚಿತವಾಯಿತು, ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ನಾಟುತ್ತೆ ಅನ್ನೋದೂ ತಿಳಿಯಿತು.

ಕೆಮ್ಮಿಲ್ಲ, ಎಕ್ಸ್‌ರೇ ಕ್ಲೀನ್, ಆದ್ರೂ ಟಿಬಿನಾ ಅಂತ ಅಮ್ಮ ನಂಬಲೇ ಇಲ್ಲ. ಶ್ವಾಸಕೋಶದಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಹರಡಲ್ಲ, ತಟ್ಟೆ ಲೋಟ ಬೇರೆ ಮಾಡಬೇಡಿ ಅಂತ ಅವರಿಗೆ ಹೇಳಿದ್ದೂ ನೀವೇ, ಅದೂ ಹಿಂದೆ ಸಾಲಲ್ಲಿದ್ದವರು ಗೊಣಗುತ್ತಿದ್ದಾಗ. ಮಾತ್ರೆ 6 ತಿಂಗಳು, ಸರ್ಕಾರದಿಂದ ಉಚಿತ. ನಡುವೆ ಗಂಟು ಮತ್ತೆ ಊದಿ ಹೆದರಿಸಿತು. ಔಷಧ ಕೆಲಸ ಮಾಡುವಾಗಲೂ ಹಾಗಾಗಬಹುದಂತೆ, ಡಾಕ್ಟರ್ ಪರೀಕ್ಷೆ ಮಾಡಿ ಅದೇ ಮಾತ್ರೆ ಮುಂದುವರಿಸಿದರು. ಈಗ ಕೋರ್ಸ್ ಮುಗಿದಿದೆ, ತಂಗಿ ಚೆನ್ನಾಗಿದ್ದಾಳೆ. ಅದು ನಿಮ್ಮ ಕೆಲಸವೇ ಆಗಿರಲಿಲ್ಲ, ಅಲ್ವಾ? ತುಂಬಾ ಥ್ಯಾಂಕ್ಸ್ ಅಕ್ಕಾ.