ಗೆಳೆಯನಿಗೊಂದು ಪತ್ರ: ತೆನೆಯ ಲಕೋಟೆಯೊಳಗೆ ಹಿಡಿಯದ್ದು

ಮಾರಾಯಾ,

ಆಗಸ್ಟ್ 30ಕ್ಕೆ ನಮ್ಮ ಕೊಂಕಣಿ ಕ್ಯಾಥೊಲಿಕರ ಮೊಂತಿ ಫೆಸ್ತಿನ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬದ, ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಶುರು. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ, ಸೆಪ್ಟೆಂಬರ್ 8ಕ್ಕೆ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ನಿಮ್ಮ ಪಾಲು ಈ ಸಲವೂ ಲಕೋಟೆಯಲ್ಲಿ ಕುವೈತಿಗೆ ಬರುತ್ತದೆ. ಹಸಿ ತೆನೆಯನ್ನು ಹಾಗೇ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ, ಅದಕ್ಕೆ ಎರಡು ದಿನ ನೆರಳಲ್ಲಿ ಒಣಗಿಸಿ, ಕಾಳು ಬಿಡಿಸಿ ಕಾಗದದಲ್ಲಿ ಮಡಚಬೇಕು. ಆ ಕಾಳನ್ನು ಕುಟ್ಟಿ ಹಾಲಿಗೆ ಬೆರೆಸಿ ಮನೆಮಂದಿ ಕುಡಿಯುವುದು ರೂಢಿಯಲ್ಲವೇ, ನೀವು ಸಿಪ್ಪೆ ಪೂರ್ತಿ ತೆಗೆದೇ ಕುಟ್ಟಿ. ಹೊಟ್ಟಿನ ಚೂರು ಉಳಿದರೆ ಹಾಲಿನ ಜೊತೆ ಮಕ್ಕಳ ಗಂಟಲಿಗೆ ಅಂಟುತ್ತದೆ, ಮರುವರ್ಷ ಲೋಟ ಕಂಡರೇ ಓಡುತ್ತಾರೆ.

ನೀನು ಕೇಳಿದ್ದು ತೇರ್ಸ್, ಅಂದರೆ ಮನೆಮಂದಿ ಕೂತು ಹೇಳುವ ಜಪಸರ ಪ್ರಾರ್ಥನೆಯನ್ನು ಮಕ್ಕಳಿಗೆ ಕಲಿಸುವ ಬಗ್ಗೆ. ಜಪಸರದ 59 ಮಣಿಯನ್ನೂ ಒಂದೇ ರಾತ್ರಿ ಮಕ್ಕಳ ತಲೆಗೆ ಹೇರಬೇಡ. ಮೊದಲ ತಿಂಗಳು ಹತ್ತು ಮಣಿಯ ಒಂದೇ ಸುತ್ತು ಸಾಕು: ಒಂದು 'ಆಮ್ಚ್ಯಾ ಬಾಪಾ' (ಪರಲೋಕದ ತಂದೆಗೆ ಪ್ರಾರ್ಥನೆ), ಹತ್ತು 'ನಮಾನ್ ಮೊರಿಯೆ' (ಮರಿಯಳಿಗೆ ವಂದನೆ), ಕೊನೆಗೊಂದು ಮಹಿಮಾಸ್ತುತಿ. ನಾಲ್ಕು ನಿಮಿಷವೂ ಬೇಡ. ಊಟಕ್ಕೆ ಮುಂಚೆ ಮಾಡು. ಉಂಡಮೇಲೆ ಕೂತರೆ ಮೂರನೇ ಮಣಿಗೆ ತೂಕಡಿಕೆ, ಆಮೇಲೆ ಬೈಗುಳ. ಪ್ರಾರ್ಥನೆ ಎಂದರೆ ಬೈಸಿಕೊಳ್ಳುವ ಹೊತ್ತು ಎಂದು ಮಗು ಕಲಿಯುವುದು ಹೀಗೇ.

ಎಲ್ಲಕ್ಕಿಂತ ಮುಖ್ಯ, ಶುರು ಮಾಡುವ ಸರದಿ ಮಗುವಿಗೆ ಕೊಡು. ನಮ್ಮ ಮನೆಗಳಲ್ಲಿ ದೊಡ್ಡವರು ಮೊದಲರ್ಧ ಹೇಳುತ್ತಾರೆ, ಮಕ್ಕಳು ಉಳಿದರ್ಧ ಒಪ್ಪಿಸುತ್ತಾರೆ. ಹತ್ತು ವರ್ಷ ಹೀಗೇ ಉತ್ತರ ಕೊಟ್ಟ ಮಗುವಿಗೆ ಒಂಟಿಯಾಗಿ ಪ್ರಾರ್ಥಿಸಲು ಹೇಳಿ ನೋಡು, ಮೊದಲ ಪದವೇ ಹೊರಡುವುದಿಲ್ಲ. 'ನಮಾನ್ ಮೊರಿಯೆ'ಯ ಮೊದಲರ್ಧ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಿಂದ ಬಂದದ್ದು, ದೇವದೂತನ ವಂದನೆ ಮತ್ತು ಎಲಿಜಬೇತಳ ಹರಸುವಿಕೆ. ಎರಡನೆಯದು ಬೇಡಿಕೆ. ಸಂತೋಷದ ಭಾಗವನ್ನು ನಾವಿಟ್ಟುಕೊಂಡು ಮಕ್ಕಳಿಗೆ ಬೇಡುವ ಭಾಗವನ್ನಷ್ಟೇ ಕೊಟ್ಟಿದ್ದೇವೆ.

ಇನ್ನು ಭಾಷೆ. ನಮ್ಮ ಕೊಂಕಣಿ ಪ್ರಾರ್ಥನೆಯ ಪುಸ್ತಕ ಕನ್ನಡ ಲಿಪಿಯಲ್ಲಿದೆ, ನಿನ್ನ ಮಕ್ಕಳಿಗೆ ಕನ್ನಡ ಅಕ್ಷರ ಬಾರದು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರೆ 'ತ'ವೂ 'ಟ'ವೂ ಒಂದೇ ಆಗುತ್ತವೆ. ಅದರ ಬದಲು ಅಜ್ಜಿಯ ದನಿಯಲ್ಲಿ ಒಂದು ಸುತ್ತು ರೆಕಾರ್ಡ್ ಮಾಡಿಸು. ಅವರಿಗೆ ಎರಡು ಮಾತು ಹೇಳು: ದಿನದ ವೇಗದ ಅರ್ಧಕ್ಕೆ ಇಳಿಯಬೇಕು, ಸಾಲು ಸಾಲಿನ ನಡುವೆ ಒಂದು ಉಸಿರು ಬಿಡಬೇಕು. ಐವತ್ತು ವರ್ಷದ ರೂಢಿಯಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹೊಸ ಕಿವಿಗೆ ಬರೀ ಗುನುಗು ಕೇಳುತ್ತದೆ. ವಾರಕ್ಕೊಂದು ಪದ ಬಿಡಿಸಿ ಹೇಳು. ಆ ಪ್ರಾರ್ಥನೆಯಲ್ಲಿ ಬರುವ 'ಕುರ್ಪಾ' ಅಡುಗೆಮನೆಯ ಕೊಂಕಣಿಯಲ್ಲಿ ಬರುವ ಮಾತಲ್ಲ. ಮಗುವಿಗೆ ಅದು ಹೇಗೆ ಗೊತ್ತಾಗಬೇಕು?

ಇಷ್ಟೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಆ ಪದ ಬರೆದಮೇಲೆ ಕೈ ನಿಂತಿತು. 'ಕುರ್ಪಾ ಅಂದರೇನು' ಎಂದು ನಿನ್ನ ಚಿಕ್ಕವಳು ಕೇಳಿದರೆ 'ಕೃಪೆ' ಎನ್ನುತ್ತೇನೆ. ಕೃಪೆ ಅಂದರೇನು ಎಂದರೆ? ದೊತೊರ್ನ್ (ಚರ್ಚಿನ ಧರ್ಮಪಾಠದ) ಕ್ಲಾಸಿನಲ್ಲಿ ಕೇಳು ಎಂದು ದಾಟಿಸಿಬಿಡುತ್ತೇನೇನೋ ಎಂಬ ಭಯ. ನಮ್ಮ ಹಿರಿಯರು ಕಷ್ಟಕಾಲದಲ್ಲಿ ಜಪಸರ ಹಿಡಿದವರು. ಅವರ ಮಾತುಗಳೆಲ್ಲ ನನಗೆ ಬಾಯಿಪಾಠ, ಅವರ ಭರವಸೆ ಎಷ್ಟು ಬಂದಿದೆಯೋ ಹೇಳಲಾರೆ. ಮಕ್ಕಳು ಮರೆತಾರು ಎಂಬ ಚಿಂತೆಗಿಂತ, ಕೊಡಲು ಕೈಯಲ್ಲಿ ಏನಿದೆ ಎಂಬ ಚಿಂತೆ ದೊಡ್ಡದಾಗಿದೆ. ಅವಳು ಕೇಳಿದಾಗ ನನಗೆ ಗೊತ್ತಿಲ್ಲ, ಇಬ್ಬರೂ ಸೇರಿ ಓದೋಣ ಎನ್ನುವಷ್ಟು ಧೈರ್ಯ ಬರಲಿ ಎಂದು ಬೇಡುತ್ತಿದ್ದೇನೆ.

ಇರಲಿ, ಹಬ್ಬದ ಮಾತಿಗೆ ಬರೋಣ. ಅಂದು ಮೀನು, ಮಾಂಸ ಇಲ್ಲ. ಬಾಳೆ ಎಲೆ ಸಿಕ್ಕರೆ ಸರಿ. ತರಕಾರಿಯ ಬಗೆ ಬೆಸಸಂಖ್ಯೆಯಲ್ಲಿರಲಿ, ಐದೋ ಏಳೋ. ಬೆಂಡೆ, ಅಲಸಂಡೆ, ಹೀರೆ ಅಲ್ಲೂ ಸಿಗುತ್ತವೆ, ಜೊತೆಗೆ ಹೆಸರುಬೇಳೆಯ ಪಾಯಸ. 

ಲಕೋಟೆ ಮುಟ್ಟಿದ ಸಂಜೆ ಫೋನ್ ಮಾಡು. ಚಿಕ್ಕವಳೇ ಶುರು ಮಾಡಲಿ, ಉತ್ತರ ನಾವಿಲ್ಲಿಂದ ಹೇಳುತ್ತೇವೆ.

ದೇವ್ ಬರೆಂ ಕರುಂ,
ನಿನ್ನ ಗೆಳೆಯ